ನೋಡುಗನ ಮಾತಿಗೂ ಬೆಲೆಯುಂಟು

ಈ ವರ್ಷ ದೀಪಾವಳಿ ಸೂಟಿ ಮುಗಿಸಿ ಬಂದ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ನಾವೊಂದು ಚಿಕ್ಕ ಕೆಲಸ ಕೊಟ್ಟೆವು. ಸೂಟಿಯಲ್ಲಿ ನೋಡಿದ ಯಾವುದಾದರೊಂದು ಟಿ.ವಿ. ಧಾರಾವಾಹಿಯ ಬಗ್ಗೆ ತಮ್ಮ ಅಭಿಪ್ರಾಯವನ್ನು ಹತ್ತು ಸಾಲಿನಲ್ಲಿ ಬರೆಯಬೇಕು. ಮರುದಿನ ವಹಿಗಳೆಲ್ಲ ಬಂದವು. ತೆರೆದು ನೋಡಿದರೆ ಎಲ್ಲದರಲ್ಲಿಯೂ ಕಥೆಯಿತ್ತು, ಅಭಿಪ್ರಾಯವಿರಲಿಲ್ಲ. ಯಾರು ಯಾರನ್ನು ಮದುವೆಯಾದರು, ಯಾವ ಸೊಸೆಯ ಮೇಲೆ ಯಾವ ಅತ್ತೆ ಸಂಚು ಹೂಡಿದಳು ಎಂಬ ವಿವರಗಳ ಕೊನೆಗೆ ಒಂದೇ ಸಾಲು: “ಈ ಧಾರಾವಾಹಿ ಛಲೋ ಅದ.”

ಯಾಕೆ ಛಲೋ ಎಂದು ಕೇಳಿದೆವು. ತರಗತಿಯೆಲ್ಲ ಮೌನ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಅವರ ಮನ್ಯಾಗ ಕರೆಂಟ್ ಯಾಕ ಹೋಗೂದಿಲ್ರಿ?” ಎಂದು ಕೇಳಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ನಾಚಿ ಕುಳಿತಳು. ಆದರೆ ಆ ದಿನ ನಮಗೆ ದೊರೆತ ನಿಜವಾದ ಅಭಿಪ್ರಾಯ ಅದೊಂದೇ. ಅವಳು ಕಥೆಯನ್ನು ನೋಡುವುದರ ಜೊತೆಗೆ, ಅದರಲ್ಲಿ ಏನು ಕಾಣಿಸಲಿಲ್ಲ ಎಂಬುದನ್ನೂ ನೋಡಿದ್ದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಧಾರಾವಾಹಿಯ ಒಳಗುಟ್ಟು

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳೋಣ. ದಿನವೂ ಪ್ರಸಾರವಾಗುವ ಧಾರಾವಾಹಿಗೆ ದಿನವೂ ಒಂದು ಕಂತು ಸಿದ್ಧವಾಗಬೇಕು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತಿನ ಪಾಲನ್ನು ಬಿಟ್ಟರೆ ಕಥೆಗೆ ಉಳಿಯುವುದು ಸುಮಾರು ಇಪ್ಪತ್ತೆರಡು ನಿಮಿಷ. ಕ್ಯಾಮರಾ, ದೀಪ, ಕಲಾವಿದರು ಎಲ್ಲವನ್ನೂ ಹೊಲಕ್ಕೋ ಸಂತೆಗೋ ಒಯ್ದರೆ ಬಿಸಿಲು, ಮಳೆ, ಗದ್ದಲ ಇವುಗಳೊಡನೆ ಹೋರಾಡಬೇಕು, ಖರ್ಚೂ ಹೆಚ್ಚು. ಆದುದರಿಂದ ಕಥೆಯ ಬಹುಭಾಗ ಒಂದೇ ಮನೆಯ ಪಡಸಾಲೆಯಲ್ಲಿ ನಡೆಯುತ್ತದೆ. ಒಂದೇ ಮಾತಿಗೆ ಐದಾರು ಮುಖಗಳನ್ನು ಒಂದಾದ ಮೇಲೊಂದರಂತೆ ತೋರಿಸಿದರೆ ಒಂದು ನಿಮಿಷ ಕಳೆಯುತ್ತದೆ. ಕಂತಿನ ಕೊನೆಗೆ ಬಾಗಿಲ ಹತ್ತಿರ ಯಾರೋ ಬಂದು ನಿಲ್ಲುತ್ತಾರೆ. ಅವರು ಯಾರೆಂದು ತಿಳಿಯಲು ನಾವು ಮರುದಿನ ಮತ್ತೆ ಟಿ.ವಿ. ಮುಂದೆ ಕೂಡಬೇಕು.

ಈ ಕಲೆಯ ಮೂಲ ಅಮೆರಿಕದ ರೇಡಿಯೋದಲ್ಲಿದೆ. 1930ರ ದಶಕದಲ್ಲಿ ಹಗಲು ಹೊತ್ತು ಮನೆಯಲ್ಲಿರುತ್ತಿದ್ದ ಹೆಣ್ಣುಮಕ್ಕಳಿಗಾಗಿ ಪ್ರಸಾರವಾಗುತ್ತಿದ್ದ ಕಂತು ನಾಟಕಗಳಿಗೆ ಹಣ ಕೊಡುತ್ತಿದ್ದವರು ಸಾಬೂನು ತಯಾರಕರು. ಅದಕ್ಕೆಂದೇ ಅವುಗಳಿಗೆ ‘ಸೋಪ್ ಆಪೆರಾ’ ಎಂಬ ಹೆಸರು ಬಂದಿತು. ಇಂದಿಗೂ ಖಾಸಗಿ ವಾಹಿನಿಗಳ ಲೆಕ್ಕಾಚಾರ ಅದೇ ಆಗಿದೆ. ನಾವು ಕಥೆ ನೋಡುತ್ತೇವೆಂದು ಭಾವಿಸುತ್ತೇವೆ; ವಾಹಿನಿಯು ನಮ್ಮ ನೋಟವನ್ನು ಜಾಹೀರಾತುದಾರನಿಗೆ ಮಾರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಆದರೆ ನೋಡುಗನಿಗೆ ಇದು ತಿಳಿದಿರಬೇಕು.

ಹಾಗಾದರೆ ನೋಡುಗನ ಮಾತಿಗೆ ಏನಾದರೂ ಬೆಲೆಯಿದೆಯೇ? ಇದೆ ಎಂಬುದಕ್ಕೆ ದೂರದ ಜರ್ಮನಿಯಲ್ಲೊಂದು ದೊಡ್ಡ ಉದಾಹರಣೆಯಿದೆ.

ನಾಲ್ಕು ರಾತ್ರಿಗಳ ಕಥೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ನಾಜಿ ಆಡಳಿತವು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಓದಿದ್ದಾರೆ. ಯುದ್ಧ ಮುಗಿದ ಮೇಲೆ ಜರ್ಮನಿಯ ಎಷ್ಟೋ ಮನೆಗಳಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಕ್ಕಳು ಕೇಳಿದರೆ ಹಿರಿಯರು ಸುಮ್ಮನಾಗುತ್ತಿದ್ದರು.

1978ರಲ್ಲಿ ಅಮೆರಿಕದಲ್ಲಿ ‘ಹೋಲೋಕಾಸ್ಟ್’ ಎಂಬ ನಾಲ್ಕು ಭಾಗಗಳ ಧಾರಾವಾಹಿ ತಯಾರಾಯಿತು. ಬರ್ಲಿನ್ ನಗರದ ವೈಸ್ ಎಂಬ ಯಹೂದಿ ವೈದ್ಯನ ಕುಟುಂಬ ಹೇಗೆ ಹಂತಹಂತವಾಗಿ ನಾಶವಾಯಿತು ಎಂಬುದು ಅದರ ಕಥೆ. ಕುಟುಂಬ ಕಲ್ಪಿತ, ಆದರೆ ಅದಕ್ಕೆ ಒದಗಿದ ಗತಿ ಲಕ್ಷಾಂತರ ಕುಟುಂಬಗಳಿಗೆ ಒದಗಿದ್ದೇ. ಇದನ್ನು ತೋರಿಸಬೇಕೋ ಬೇಡವೋ ಎಂದು ಪಶ್ಚಿಮ ಜರ್ಮನಿಯ ಪ್ರಸಾರ ಸಂಸ್ಥೆಗಳಲ್ಲಿಯೇ ಒಮ್ಮತವಿರಲಿಲ್ಲ. ಕೊನೆಗೆ ಮುಖ್ಯ ವಾಹಿನಿಯಲ್ಲಿ ತೋರಿಸದೆ, 1979ರ ಜನವರಿ ತಿಂಗಳಲ್ಲಿ ನಾಲ್ಕು ರಾತ್ರಿ ಪ್ರಾದೇಶಿಕ ವಾಹಿನಿಗಳಲ್ಲಿ ಏಕಕಾಲಕ್ಕೆ ಪ್ರಸಾರ ಮಾಡಿದರು. ಸುಮಾರು ಆರು ಕೋಟಿ ಜನಸಂಖ್ಯೆಯ ಆ ದೇಶದಲ್ಲಿ ಸುಮಾರು ಎರಡು ಕೋಟಿ ಜನ ಅದನ್ನು ನೋಡಿದರು.

ಗಮನಿಸಬೇಕಾದ ಸಂಗತಿ ಮುಂದಿದೆ. ಪ್ರತಿ ಭಾಗ ಮುಗಿದ ಮೇಲೆ ಇತಿಹಾಸಕಾರರೂ ಇತರ ತಜ್ಞರೂ ಸ್ಟುಡಿಯೋದಲ್ಲಿ ಕುಳಿತು ನೋಡುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಸಾವಿರಾರು ಜನ ಫೋನು ಮಾಡಿದರು. ಕೆಲವರು ಅತ್ತರು, ಕೆಲವರು ಸಿಟ್ಟಾದರು. ಹಳೆಯದನ್ನು ಯಾಕೆ ಕೆದಕುತ್ತೀರಿ ಎಂದು ಬೈದವರೂ ಇದ್ದರು. ಆದರೆ ಎಷ್ಟೋ ಮನೆಗಳಲ್ಲಿ ಮೊದಲ ಸಲ ಮಕ್ಕಳು ತಂದೆತಾಯಿಯರನ್ನು ಎದುರಿಗೆ ಕೂರಿಸಿಕೊಂಡು, ಆಗ ನೀವು ಎಲ್ಲಿದ್ದಿರಿ ಎಂದು ಕೇಳಿದರು.

ಆ ವರ್ಷ ಜರ್ಮನಿಯ ಸಂಸತ್ತಿನ ಮುಂದೆ ಒಂದು ಪ್ರಶ್ನೆಯಿತ್ತು. ಅಲ್ಲಿನ ಕಾನೂನಿನಂತೆ ಕೊಲೆ ನಡೆದು 30 ವರ್ಷ ಕಳೆದರೆ ಮೊಕದ್ದಮೆ ಹೂಡುವಂತಿರಲಿಲ್ಲ. ನಾಜಿ ಕಾಲದ ಕೊಲೆಗಳಿಗೆ ಆ ಅವಧಿ 1979ರ ಕೊನೆಗೆ ಮುಗಿಯುವುದಿತ್ತು. ಮುಗಿದಿದ್ದರೆ ಆವರೆಗೆ ಮೊಕದ್ದಮೆಗೆ ಒಳಗಾಗದ ಕೊಲೆಗಾರರು ನಿಶ್ಚಿಂತರಾಗುತ್ತಿದ್ದರು. ಜುಲೈ 3ರಂದು ಸಂಸತ್ತು 255 ಮತಗಳಿಂದ, 222 ಮತಗಳ ವಿರುದ್ಧ, ಆ ಕಾಲಮಿತಿಯನ್ನು ತೆಗೆದುಹಾಕಿತು. ಧಾರಾವಾಹಿಯೊಂದರಿಂದಲೇ ಇದಾಯಿತೆಂದು ಹೇಳಲಾಗದು. ಚರ್ಚೆ ಮೊದಲಿನಿಂದಲೂ ನಡೆದಿತ್ತು. ಆದರೆ ಜನಾಭಿಪ್ರಾಯವನ್ನು ಜಾಗೃತಗೊಳಿಸುವಲ್ಲಿ ಆ ನಾಲ್ಕು ರಾತ್ರಿಗಳ ಪಾಲು ದೊಡ್ಡದೆಂದು ಇತಿಹಾಸಕಾರರು ಒಪ್ಪುತ್ತಾರೆ.

ಛಲೋ ಇದೆ, ಛಲೋ ಇಲ್ಲ: ಎರಡೂ ನಿಜ

ಇಷ್ಟೆಲ್ಲ ಪರಿಣಾಮ ಬೀರಿದ ಈ ಧಾರಾವಾಹಿ ಕಲೆಯ ದೃಷ್ಟಿಯಿಂದ ಶ್ರೇಷ್ಠವಾಗಿತ್ತೇ? ಅನೇಕ ವಿಮರ್ಶಕರು ಇಲ್ಲವೆಂದರು. ಮಹಾ ದುರಂತವನ್ನು ಸಾಬೂನಿನ ನಾಟಕದಂತೆ ಮಾಡಿದ್ದಾರೆಂದು ಟೀಕಿಸಿದರು. ಆ ಟೀಕೆಯಲ್ಲಿ ಸತ್ಯವಿತ್ತು. ನೋಡುಗರ ಕಣ್ಣೀರಿನಲ್ಲಿಯೂ ಸತ್ಯವಿತ್ತು. ಒಂದು ಕೃತಿ ನಮ್ಮ ಮನಸ್ಸನ್ನು ಕಲಕಬಹುದು, ಅದೇ ಕೃತಿಯಲ್ಲಿ ಕುಂದೂ ಇರಬಹುದು. ಎರಡನ್ನೂ ಕೂಡಿಯೇ ಹೇಳುವುದು ಪ್ರಾಮಾಣಿಕ ಅಭಿಪ್ರಾಯ.

ಹೀಗೆ ಟೀಕಿಸಿದವರಲ್ಲಿ ಎಡ್ಗರ್ ರೈಟ್ಸ್ ಎಂಬ ಜರ್ಮನ್ ನಿರ್ದೇಶಕರು ಒಬ್ಬರು. ಅವರು ಬರಿದೆ ಟೀಕಿಸಿ ಕೂಡಲಿಲ್ಲ. ನಮ್ಮ ಕಥೆಯನ್ನು ನಾವೇ ಹೇಳಬೇಕೆಂದು ಹೊರಟು, 1984ರಲ್ಲಿ ‘ಹೈಮಾಟ್’ ಎಂಬ ಹನ್ನೊಂದು ಭಾಗಗಳ ಕೃತಿಯನ್ನು ತೆರೆಗೆ ತಂದರು. ಹೈಮಾಟ್ ಎಂದರೆ ಹುಟ್ಟಿದ ನೆಲ, ತವರು. ಹುನ್ಸ್‌ರುಕ್ ಎಂಬ ಗುಡ್ಡಗಾಡಿನ ಶಾಬಾಖ್ ಎಂಬ ಕಲ್ಪಿತ ಹಳ್ಳಿಯಲ್ಲಿ 1919ರಿಂದ 1982ರ ತನಕ ನಡೆಯುವ ಕಥೆಯಿದು. ಮರಿಯಾ ಎಂಬ ಒಬ್ಬ ಹೆಣ್ಣುಮಗಳು ಅದರ ನಡುಗಂಬ. ಆ ಜನ ಮಾತನಾಡುವುದು ಪುಸ್ತಕದ ಜರ್ಮನ್ ಅಲ್ಲ, ತಮ್ಮ ಸೀಮೆಯ ಆಡುಮಾತು. ರೈಟ್ಸ್ ಅವರೂ ಆ ಸೀಮೆಯಲ್ಲಿ ಹುಟ್ಟಿದವರೇ.

ನೋಡುಗರು ಅದನ್ನು ಬಹುವಾಗಿ ಮೆಚ್ಚಿದರು. ಆದರೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಹಳ್ಳಿಯ ಬದುಕು ಇಷ್ಟು ಚೆನ್ನಾಗಿ ಬಂದಿದೆ, ಆದರೆ ಆ ಕಾಲದ ಯಹೂದಿಗಳ ಗೋಳು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ನೋಡಿರಿ, ಇದು ನಮ್ಮ ತರಗತಿಯ ಹುಡುಗಿ ಕೇಳಿದ ಪ್ರಶ್ನೆಯ ಜಾತಿಯದೇ: ಇಲ್ಲಿ ಏನು ಕಾಣಿಸುತ್ತಿಲ್ಲ?

ಜರ್ಮನ್ ನೋಡುಗನು ಹೀಗೆ ಅಧಿಕಾರದಿಂದ ಕೇಳಲು ಇನ್ನೊಂದು ಕಾರಣವೂ ಉಂಟು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳು ಮುಖ್ಯವಾಗಿ ನಡೆಯುವುದು ಪ್ರತಿ ಮನೆಯೂ ಕೊಡುವ ವಂತಿಗೆಯಿಂದ. 2021ರ ಆಗಸ್ಟ್‌ನಲ್ಲಿ ಅದನ್ನು ತಿಂಗಳಿಗೆ 18.36 ಯೂರೋ ಎಂದು ನಿಗದಿಪಡಿಸಲಾಯಿತು. ರಾತ್ರಿ ಎಂಟರ ನಂತರವೂ ಭಾನುವಾರವೂ ಆ ಮುಖ್ಯ ವಾಹಿನಿಗಳಲ್ಲಿ ಜಾಹೀರಾತು ತೋರಿಸುವುದಿಲ್ಲ. 1985ರ ಡಿಸೆಂಬರ್‌ನಿಂದ 2020ರ ಮಾರ್ಚ್‌ವರೆಗೆ ಭಾನುವಾರದ ಸಂಜೆ ‘ಲಿಂಡೆನ್‌ಸ್ಟ್ರಾಸೆ’ ಎಂಬ ಧಾರಾವಾಹಿ ಪ್ರಸಾರವಾಯಿತು. ಒಂದು ಓಣಿಯ ಬಾಡಿಗೆದಾರರ ಸಾಮಾನ್ಯ ಬದುಕಿನ ಕಥೆಯದು. ಒಟ್ಟು 1,758 ಕಂತುಗಳು. ಅದನ್ನು ನಿಲ್ಲಿಸುತ್ತೇವೆಂದು 2018ರಲ್ಲಿ ಪ್ರಕಟಿಸಿದಾಗ ನೋಡುಗರು ಪ್ರತಿಭಟಿಸಿದರು. ಧಾರಾವಾಹಿ ಉಳಿಯಲಿಲ್ಲ, ಆದರೆ ಕೇಳುವ ಹಕ್ಕು ತಮಗಿದೆ ಎಂಬ ಭಾವ ಅವರಲ್ಲಿತ್ತು.

ನಮ್ಮ ನೆರೆಯಲ್ಲಿ

ಇಂಥ ಮಾತು ಜರ್ಮನಿಯಲ್ಲಿ ಮಾತ್ರ ನಡೆಯಿತೆಂದು ತಿಳಿಯಬಾರದು. ಹಳ್ಳಿಯ ನೋಡುಗನ ಅಭಿಪ್ರಾಯ ಕೇಳುವ ದೊಡ್ಡ ಪ್ರಯತ್ನವೊಂದು ನಮ್ಮ ಮಗ್ಗುಲಲ್ಲಿಯೇ ನಡೆದಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಭಾರತ ಸರಕಾರವು ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳುಹಿಸಿತು. ಇದಕ್ಕೆ ‘ಸೈಟ್’ ಪ್ರಯೋಗವೆಂದು ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ. ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡ ಕೊಡೆಯಂಥ ಆಂಟೆನಾ, ಸಾರ್ವಜನಿಕ ಸ್ಥಳದಲ್ಲೊಂದು ಟಿ.ವಿ., ಅದರ ಮುಂದೆ ಇಡೀ ಊರು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮ, ಭಾಷೆ ಕನ್ನಡ.

ಕಾರ್ಯಕ್ರಮ ಕಳುಹಿಸಿದಷ್ಟೇ ಮುಖ್ಯವಾದ ಕೆಲಸವೆಂದರೆ, ಸಂಶೋಧಕರು ಹಳ್ಳಿಗಳಿಗೆ ಬಂದು ಉಳಿದು ಜನರ ಅಭಿಪ್ರಾಯ ಕೇಳಿ ಬರೆದುಕೊಂಡದ್ದು. ಏನು ತಿಳಿಯಿತು, ಏನು ತಿಳಿಯಲಿಲ್ಲ, ಯಾವುದು ಬೇಸರ ತಂದಿತು ಎಂದು ಓದುಬರಹ ಬಾರದ ರೈತನನ್ನೂ ಕೇಳಿದರು. ನಮ್ಮ ಉಮರ್ಗಾ ತಾಲೂಕು ಗುಲ್ಬರ್ಗಾ ಜಿಲ್ಲೆಯ ಆಳಂದ ತಾಲೂಕಿಗೆ ಅಂಟಿಕೊಂಡೇ ಇದೆ. ಆದರೆ ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ಪ್ರಯೋಗವು ಗಡಿಗೆ ಬಂದು ನಿಂತಿತು.

ಮುಂದೆ 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಆರಂಭವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ. ಕುಟುಂಬ ಯೋಜನೆಯ ಸಂದೇಶ ಸಾರುವುದು ಅದರ ಉದ್ದೇಶವಾಗಿತ್ತು. ಆದರೆ ಮೊದಲ ಕಂತುಗಳಲ್ಲಿ ಉಪದೇಶ ಹೆಚ್ಚಾಯಿತೆಂದು ನೋಡುಗರು ಬೇಸರಗೊಂಡರು. ಕಥೆಯನ್ನು ಅದರಂತೆ ತಿದ್ದಲಾಯಿತು. ಪ್ರತಿ ಕಂತಿನ ಕೊನೆಗೆ ಬಂದು ನಾಲ್ಕು ಮಾತು ಹೇಳುತ್ತಿದ್ದ ನಟ ಅಶೋಕ ಕುಮಾರರಿಗೆ ಬಂದ ಪತ್ರಗಳು ನಾಲ್ಕು ಲಕ್ಷಕ್ಕೂ ಹೆಚ್ಚು. ಅದರಲ್ಲೊಂದು ವಿಚಿತ್ರವೂ ಕಂಡುಬಂದಿತು. ಎಲ್ಲವನ್ನೂ ಸಹಿಸಿಕೊಂಡಿರುವ ಭಾಗವಂತಿ ಎಂಬ ತಾಯಿಯ ಪಾತ್ರವನ್ನು ಹೆಣ್ಣುಮಕ್ಕಳು ಹೀಗೆ ಇರಬಾರದೆಂದು ತೋರಿಸಲು ರೂಪಿಸಿದ್ದರು. ಆದರೆ ಅನೇಕ ನೋಡುಗರು ಆಕೆಯನ್ನೇ ಆದರ್ಶವೆಂದು ಮೆಚ್ಚಿಕೊಂಡರು. ಮಾಡಿದವನ ಉದ್ದೇಶ ಒಂದು, ಮನೆಯಲ್ಲಿ ಆಗುವ ಪರಿಣಾಮ ಇನ್ನೊಂದು ಆಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸೊಸೆ ಬಾಯಿ ಮುಚ್ಚಿ ಅಳುತ್ತ ಕೂಡುವುದನ್ನು ದಿನವೂ ನೋಡುವ ನಮ್ಮ ಹೆಣ್ಣುಮಕ್ಕಳು ಏನನ್ನು ಕಲಿಯುತ್ತಿದ್ದಾರೆಂದು ಪಾಲಕರು ಯೋಚಿಸಬೇಕು.

ಕನ್ನಡದಲ್ಲಿಯೂ ಉದಾಹರಣೆಗಳುಂಟು. 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಅವರ ಸಂಗಡಿಗರ ‘ಮಾಯಾಮೃಗ’ ಬೆಂಗಳೂರು ದೂರದರ್ಶನದಲ್ಲಿ ಬಂದಾಗ, ಮಧ್ಯಮ ವರ್ಗದ ಮನೆಯ ನಿತ್ಯದ ತೊಂದರೆಗಳೂ ಧಾರಾವಾಹಿಗೆ ವಸ್ತುವಾಗಬಲ್ಲವೆಂದು ಜನ ಸಂತೋಷಪಟ್ಟರು. 2020ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಜೀವನವನ್ನು ಕುರಿತ ಹಿಂದಿ ಧಾರಾವಾಹಿಯು ‘ಮಹಾನಾಯಕ’ ಎಂಬ ಹೆಸರಿನಿಂದ ಜೀ ಕನ್ನಡದಲ್ಲಿ ಕನ್ನಡದ ಮಾತಿನೊಡನೆ ಬಂದಿತು. ಅದನ್ನು ನಿಲ್ಲಿಸಬೇಕೆಂದು ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆಯ ಕರೆಗಳು ಬಂದವು. ಆಗ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಜನರು ತಾವೇ ಹಣ ಕೂಡಿಸಿ ಆ ಧಾರಾವಾಹಿಯ ಬ್ಯಾನರುಗಳನ್ನು ಕಟ್ಟಿದರು. ಕೇರಿಯ ಹುಡುಗನೊಬ್ಬನು ನೀರಿಗಾಗಿ, ಶಾಲೆಯ ಒಳಗೆ ಕೂಡುವುದಕ್ಕಾಗಿ ಪಡುವ ಪಾಡನ್ನು ಮನೆಯ ಟಿ.ವಿ.ಯಲ್ಲಿ, ಕನ್ನಡದಲ್ಲಿ, ಹಿಂದೆ ಯಾರೂ ಹಾಗೆ ತೋರಿಸಿರಲಿಲ್ಲ. ಊರ ಬಾಗಿಲಿಗೆ ಕಟ್ಟಿದ ಆ ಬ್ಯಾನರು ಕೂಡ ನೋಡುಗನ ಅಭಿಪ್ರಾಯವೇ.

ನಾವು ಯಾವ ಲೆಕ್ಕದಲ್ಲಿ?

ಇಂದು ವಾಹಿನಿಗಳು ನೋಡುಗನನ್ನು ಅಳೆಯುವುದು ಪತ್ರದಿಂದಲ್ಲ, ಮೀಟರಿನಿಂದ. ಆರಿಸಿದ ಕೆಲವು ಮನೆಗಳ ಟಿ.ವಿ.ಗೆ ಒಂದು ಯಂತ್ರ ಜೋಡಿಸಿ, ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿದರೆಂದು ಎಣಿಸುತ್ತಾರೆ. ಟಿ.ಆರ್.ಪಿ. ಎಂದು ನಾವು ಕೇಳುವುದು ಇದನ್ನೇ. 2020ರ ಸುಮಾರಿಗೆ ದೇಶದಲ್ಲಿ ಟಿ.ವಿ. ಇದ್ದ ಮನೆಗಳು ಅಂದಾಜು 21 ಕೋಟಿ. ಮೀಟರ್ ಇದ್ದವು ಸುಮಾರು 44 ಸಾವಿರ. ಅಂದರೆ ಹೆಚ್ಚುಕಡಿಮೆ 4,700 ಮನೆಗಳ ಪರವಾಗಿ ಒಂದು ಮನೆ ಮತ ಹಾಕಿದಂತೆ. ಮೇಲಾಗಿ ಮೀಟರಿಗೆ ನೋಡಿದ್ದು ಗೊತ್ತಾಗುತ್ತದೆ, ಮೆಚ್ಚಿದ್ದು ಗೊತ್ತಾಗುವುದಿಲ್ಲ. ಬೈಯುತ್ತ ನೋಡಿದರೂ ಅದು ನೋಡಿದ ಲೆಕ್ಕವೇ.

ಇನ್ನು ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಮನೆಗಳ ಸಂಗತಿ. ನಿಲಂಗಾ ಮತ್ತು ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ರಚನೆಯಲ್ಲಿ ಅವು ಈ ಕಡೆಗೆ ಬಂದವು. ನಮ್ಮ ಮನೆಗಳಲ್ಲಿ ಸಂಜೆ ಏಳಕ್ಕೆ ಮರಾಠಿ ಧಾರಾವಾಹಿ, ಎಂಟಕ್ಕೆ ಕನ್ನಡದ್ದು. ಅಜ್ಜಿಗೆ ಒಂದು, ಮೊಮ್ಮಕ್ಕಳಿಗೆ ಇನ್ನೊಂದು. ಇದು ನಮ್ಮ ಭಾಗ್ಯವೇ. ಎರಡು ಭಾಷೆಯ ಕಥೆಗಳು ನಮ್ಮವು. ಆದರೆ ಕನ್ನಡ ಧಾರಾವಾಹಿ ಮಾಡುವವರು ಲಕ್ಷ್ಯ ಕೊಡುವುದು ಕರ್ನಾಟಕದ ಲೆಕ್ಕಕ್ಕೆ, ಮರಾಠಿಯವರು ನೋಡುವುದು ಮರಾಠಿ ಮನೆಗಳನ್ನು. ಗಡಿಯ ಕನ್ನಡಿಗ ಇಬ್ಬರ ಎಣಿಕೆಯಲ್ಲಿಯೂ ಅಂಚಿನಲ್ಲಿಯೇ ಉಳಿಯುತ್ತಾನೆ.

ಅದರ ಫಲವೇನು? ಧಾರಾವಾಹಿಯಲ್ಲಿ ನಾಯಕ ನಾಯಕಿಯರ ಮಾತು ಸಾಮಾನ್ಯವಾಗಿ ಬೆಂಗಳೂರು, ಮೈಸೂರು ಕಡೆಯದು. ನಮ್ಮ ಕಡೆಯ ಮಾತು ಬಂದರೆ ಬಹಳ ಸಲ ಅಡಿಗೆಯವನ ಬಾಯಲ್ಲಿ, ಅದೂ ನಗಿಸಲಿಕ್ಕೆ. ಇದನ್ನು ನಿತ್ಯ ಕೇಳಿದ ಮಗು, ತನ್ನ ತಾಯಿ ಆಡುವ ಕನ್ನಡ ಕನ್ನಡವೇ ಅಲ್ಲವೇನೋ ಎಂದು ಸಂಕೋಚ ಪಡುತ್ತದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಹಿಂಜರಿಯುತ್ತದೆ. ನಮ್ಮ ಶಾಲೆಯಲ್ಲಿ ಇಂಥ ಮಕ್ಕಳನ್ನು ನಾವು ಪ್ರತಿ ವರ್ಷ ಕಾಣುತ್ತೇವೆ. ಹುನ್ಸ್‌ರುಕ್ಕಿನ ಹಳ್ಳಿಗರ ಆಡುಮಾತನ್ನು ಒಂದು ದೇಶವೇ ಕುಳಿತು ಕೇಳಿತೆಂದರೆ, ನಮ್ಮ “ಬರ್ಲಾಕತ್ತಾರ” ಎಂಬ ಮಾತಿನಲ್ಲಿ ನಾಚುವಂಥದ್ದು ಏನಿದೆ?

ಅಭಿಪ್ರಾಯ ಬರೆಯುವುದು ಹೇಗೆ?

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಟಿ.ವಿ. ಮುಂದೆ ಕುಳಿತಾಗ ಈ ಐದು ಪ್ರಶ್ನೆಗಳನ್ನು ನೆನಪಿಡಿರಿ.

1. ಈ ಕಂತಿನಲ್ಲಿ ನಿಜವಾಗಿ ಏನು ನಡೆಯಿತು? ಎರಡು ಸಾಲಿನಲ್ಲಿ ಹೇಳಲು ಬರುತ್ತದೆಯೇ?
2. ಯಾವ ಪಾತ್ರ ನಮ್ಮ ಊರಿನವರಂತೆ ನಡೆದುಕೊಂಡಿತು? ಯಾವುದು ನಡೆದುಕೊಳ್ಳಲಿಲ್ಲ?
3. ಏನು ಕಾಣಿಸಲಿಲ್ಲ? ದುಡಿಮೆ, ಸಾಲ, ಮಳೆ, ಪರೀಕ್ಷೆ, ದವಾಖಾನೆ ಇವು ಎಲ್ಲಿ ಹೋದವು?
4. ಒಳ್ಳೆಯವರ ಬಾಯಲ್ಲಿ ಯಾವ ಮಾತು, ಯಾವ ಭಾಷೆ ಇದೆ? ನಗೆಪಾಟಲಾಗುವವರು ಯಾರು?
5. ನನಗೆ ಏಕೆ ಹಿಡಿಸಿತು, ಅಥವಾ ಏಕೆ ಹಿಡಿಸಲಿಲ್ಲ? “ಏಕೆಂದರೆ” ಎಂಬ ಪದವಿಲ್ಲದೆ ಅಭಿಪ್ರಾಯವನ್ನು ಮುಗಿಸಬೇಡಿರಿ.

ಪಾಲಕರಲ್ಲಿಯೂ ಒಂದು ಬಿನ್ನಹ. ಟಿ.ವಿ. ಬಂದ್ ಮಾಡಿ ಎಂದು ನಾವು ಹೇಳುವುದಿಲ್ಲ. ದಿನವೆಲ್ಲ ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಬಂದವರಿಗೆ ಒಂದು ಗಳಿಗೆಯ ಮನರಂಜನೆ ಬೇಕು. ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿರಿ, ಮುಗಿದ ಮೇಲೆ ಹತ್ತು ನಿಮಿಷ ಸದ್ದು ಅಡಗಿಸಿ, “ನಿನಗ ಏನ ಅನಸ್ತು?” ಎಂದು ಕೇಳಿರಿ. ಮಗು ನಿಮ್ಮ ಮಾತಿಗೆ ಎದುರು ಹೇಳಿದರೆ ಸಿಟ್ಟಾಗಬೇಡಿರಿ. 1979ರ ಆ ಜನವರಿಯಲ್ಲಿ ಜರ್ಮನಿಯ ಮನೆಗಳಲ್ಲಿ ನಡೆದದ್ದು ಅಂಥ ಮಾತುಕತೆಯೇ.

ನಮ್ಮ ಹಿಂದಿನ ಬೆಂಚಿನ ಹುಡುಗಿಗೆ ಆ ದಿನ ನಾವು ಪೂರ್ತಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇವೆ: ಮಗಳೇ, ಅವರ ಮನೆಯಲ್ಲಿ ಕರೆಂಟ್ ಹೋಗದಿರುವುದು, ಹೋಗುವ ಮನೆಗಳಿಂದ ಯಾರೂ ಕೇಳದಿರುವುದರಿಂದ. ನೀನು ಕೇಳಿದೆ. ಅದನ್ನೇ ಒಂದು ಕಾಗದದಲ್ಲಿ ಬರೆದು ವಾಹಿನಿಯ ವಿಳಾಸಕ್ಕೆ ಕಳಿಸು, ನಿನ್ನ ಮಾತಿನಲ್ಲಿಯೇ ಬರೆ. ಒಂದು ಪ್ರತಿಯನ್ನು ಶಾಲೆಯ ಗೋಡೆ ಪತ್ರಿಕೆಗೆ ಕೊಡು. ಉಳಿದ ಮಕ್ಕಳೂ ಬರೆಯಲಿ. ಒಳ್ಳೆಯ ಹತ್ತು ಬರಹಗಳನ್ನು ಬರುವ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕಲು ನಾವು ಸಂತೋಷದಿಂದ ಪುಟಗಳನ್ನು ಕಾಯ್ದಿಡುತ್ತೇವೆ.